ಸ್ಪ್ರಿಂಗ್ ಏರ್ ರೈಫಲ್‌ಗೆ ಜಾರದ ಸ್ಕೋಪ್ ಮೌಂಟ್: ₹2,000 ಆಸುಪಾಸಿನಲ್ಲಿ ಮುಗಿಸಿದ ಕೆಲಸ

ರೈಫಲ್ ಮೇಲಿನ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಈಗ ಅಲುಗಾಡುತ್ತಿಲ್ಲ. ಅದನ್ನು ರೈಫಲ್‌ಗೆ ಹಿಡಿದಿಡುವ ಮೌಂಟ್ ಬದಲಿಸಿದೆ. ಕೆಲಸ ಮೊನ್ನೆ ಭಾನುವಾರ ಮುಗಿಯಿತು. ಏರ್ ರೈಫಲ್ ಇಟ್ಟುಕೊಂಡು, ನಿನ್ನೆ ಸರಿಯಾಗಿ ಬೀಳುತ್ತಿದ್ದ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಇವತ್ತು ಎಲ್ಲೆಲ್ಲೋ ಬೀಳುತ್ತಿದೆ ಅಂತ ತಲೆ ಕೆಡಿಸಿಕೊಂಡಿರುವವರು ಬಹಳ ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಮಾಡಿದ್ದನ್ನೆಲ್ಲ ಕ್ರಮವಾಗಿ ಬರೆದಿಡುತ್ತಿದ್ದೇನೆ. ಅಳತೆ, ಖರ್ಚು, ಕೈಕೊಟ್ಟ ಸಾಮಾನು ಎಲ್ಲವೂ ಇದರಲ್ಲಿದೆ.

ರೈಫಲ್ ನಮ್ಮ ದೇಶದಲ್ಲೇ ತಯಾರಾದದ್ದು. ಬೋರ್, ಅಂದರೆ ನಳಿಗೆಯ ಒಳ ಅಗಲ, 4.5 ಮಿ.ಮೀ. ನಳಿಗೆಯನ್ನು ಮಡಚಿ ಸ್ಪ್ರಿಂಗ್ ಎಳೆಯುವ ಮಾದರಿ. 0.54 ಗ್ರಾಂ ಪೆಲೆಟ್ ಸೆಕೆಂಡಿಗೆ 260 ಮೀಟರ್ ವೇಗದಲ್ಲಿ ಹೋಗುತ್ತದೆ. ಅಂದರೆ ಸುಮಾರು 18 ಜೂಲ್. 4.5 ಮಿ.ಮೀ. ಬೋರ್ ಮತ್ತು 20 ಜೂಲ್ ಮೀರದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಸ್ಕೋಪ್ 3-9x40, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸ್ 40 ಮಿ.ಮೀ. ಇರುವಂಥದ್ದು. ಕೊಳವೆಯ ದಪ್ಪ 1 ಇಂಚು, ಅಂದರೆ 25.4 ಮಿ.ಮೀ. ತೂಕ ಅರ್ಧ ಕೆಜಿಗೆ ಸ್ವಲ್ಪ ಕಡಿಮೆ. ಗುರಿ ಕಟ್ಟುವ ಜಾಗ ಸಕಲೇಶಪುರದ ಹತ್ತಿರ ನಮ್ಮ ತೋಟದ ಕಾಫಿ ಕಣ. 25 ಮೀಟರ್ ಉದ್ದ ಸಿಗುತ್ತದೆ, ತುದಿಯಲ್ಲಿ ಆಳೆತ್ತರದ ಮಣ್ಣಿನ ದಿಬ್ಬ. ಹೊಡೆಯೋದು ಕಾಗದಕ್ಕೆ ಮಾತ್ರ. ಹಕ್ಕಿ, ಅಳಿಲು ಅಂತ ಯಾರೂ ಕೈ ಹಾಕಬೇಡಿ. ಕಾನೂನಿಗೆ ಹೆದರಿ ಅಂತಷ್ಟೇ ಹೇಳುತ್ತಿಲ್ಲ, ಅವು ನಮ್ಮ ತೋಟದ ಜೀವಗಳು.

1. ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕಿದ್ದು

ಬಂದೂಕಿನಲ್ಲಿ ಮದ್ದು ಸಿಡಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಅಷ್ಟೆ. ಸ್ಪ್ರಿಂಗ್ ಏರ್ ರೈಫಲ್ ಎರಡು ಕಡೆಗೂ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ಓಡುವಾಗ ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಕೊನೆ ಮುಟ್ಟಿ ನಿಂತ ಕೂಡಲೇ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಎರಡನೇ ಜಗ್ಗಾಟವೇ ಜೋರು. ರೈಫಲ್ ಮುಂದೆ ಹೋಗುತ್ತದೆ, ಭಾರದ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ. ಹಾಗಾಗಿ ಮೌಂಟ್ ನಿಧಾನವಾಗಿ ರೈಲ್ (ಮೌಂಟ್ ಕೂರಲು ರೈಫಲ್ ಮೇಲಿರುವ ಪಟ್ಟಿ) ಮೇಲೆ ಹಿಂದಕ್ಕೆ, ನಮ್ಮ ಕಣ್ಣಿನ ಕಡೆಗೆ ಜಾರುತ್ತದೆ. ಇದಿಷ್ಟು ಗೊತ್ತಿದ್ದರೆ ಸಾಕು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಜಾರುತ್ತಿದೆಯೋ ಇಲ್ಲವೋ ಅಂತ ಊಹೆ ಮಾಡಬೇಕಿಲ್ಲ. ಮೌಂಟ್‌ನಲ್ಲಿ ಸ್ಕೋಪ್ ಕೊಳವೆಯನ್ನು ಸುತ್ತಿ ಹಿಡಿಯುವ ಬಳೆಗೆ ರಿಂಗ್ ಅನ್ನುತ್ತಾರೆ. ಮನೆಯಲ್ಲಿದ್ದ ಕೆಂಪು ನೇಲ್ ಪಾಲಿಶ್‌ನಿಂದ ಎರಡು ಗೆರೆ ಎಳೆದೆ. ಒಂದು ಹಿಂದಿನ ರಿಂಗ್‌ನ ಬುಡ ಮತ್ತು ರೈಲ್ ಸೇರುವ ಜಾಗದಲ್ಲಿ. ಇನ್ನೊಂದು ರಿಂಗ್ ಮತ್ತು ಸ್ಕೋಪ್ ಕೊಳವೆ ಸೇರುವ ಜಾಗದಲ್ಲಿ. ಅರ್ಧ ಡಬ್ಬಿ ಪೆಲೆಟ್ ಮುಗಿದ ಮೇಲೆ ನೋಡಿದರೆ ಮೇಲಿನ ಗೆರೆ ಹಾಗೇ ಇತ್ತು, ಕೆಳಗಿನದು ಒಡೆದು ದೂರವಾಗಿತ್ತು. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು) ಇಟ್ಟು ನೋಡಿದೆ: 1.4 ಮಿ.ಮೀ. ಅಂದರೆ ರಿಂಗ್ ಒಳಗೆ ಸ್ಕೋಪ್ ಜಾರಿಲ್ಲ, ರೈಲ್ ಮೇಲೆ ರಿಂಗ್ ಜಾರಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಹೊಸ ಸ್ಕೋಪ್ ತರೋದಕ್ಕೆ ಮೊದಲು ಈ ಎರಡು ಗೆರೆ ಎಳೆದು ನೋಡಿ. ಎಷ್ಟೋ ಜನ ಒಳ್ಳೆಯ ಸ್ಕೋಪನ್ನೇ ಸುಮ್ನೆ ಬೈದು ಮಾರಿಬಿಡುತ್ತಾರೆ.

ಆಗ 25 ಮೀಟರ್‌ಗೆ 5 ಪೆಲೆಟ್‌ಗಳ ಗುಂಪು 45 ಮಿ.ಮೀ. ಹರಡಿತ್ತು. ಅದೂ ಒಂದೇ ಸಮ ಇರಲಿಲ್ಲ.

2. ರೈಲ್ ಅಳತೆ

ಏರ್ ರೈಫಲ್, .22 ರೈಫಲ್‌ಗಳ ಮೇಲೆ ಕೊರೆದಿರುವ ಜೋಡಿ ತೋಡಿಗೆ ಡವ್‌ಟೇಲ್ ರೈಲ್ ಅನ್ನುತ್ತಾರೆ. ಅಂಗಡಿಯವರು ಎಲ್ಲಕ್ಕೂ "11 ಮಿ.ಮೀ. ಸಾರ್, ಕಣ್ಣು ಮುಚ್ಚಿ ತಗೊಳ್ಳಿ" ಅನ್ನುತ್ತಾರೆ. ಆದರೆ ಬೇರೆ ಬೇರೆ ತಯಾರಕರ ಡವ್‌ಟೇಲ್ ಸುಮಾರು 9.5ರಿಂದ 13 ಮಿ.ಮೀ. ದಾಟುವವರೆಗೂ ಇರುತ್ತದೆ. ತೋಡಿನ ಓರೆ ಕೂಡ ಒಂದರಲ್ಲಿ 45 ಡಿಗ್ರಿ, ಇನ್ನೊಂದರಲ್ಲಿ 60 ಡಿಗ್ರಿ. ಅಗಲ ಸರಿಯಿದ್ದು ಓರೆ ತಪ್ಪಿದರೂ ಹಿಡಿತ ಸಿಗೋದಿಲ್ಲ.

ವರ್ನಿಯರ್‌ನಲ್ಲಿ ಅಳೆದಾಗ ನನ್ನ ರೈಲ್‌ನ ಮೇಲ್ಭಾಗದ ಅಗಲ 11.2 ಮಿ.ಮೀ. ಬಂತು. ಉದ್ದ 150 ಮಿ.ಮೀ. ಹಿಂಬದಿಯಲ್ಲಿ ಸಾಲಾಗಿ ಮೂರು ಸಣ್ಣ ತೂತುಗಳಿವೆ, ಆರಪಾರ ಇಲ್ಲ. ಮೌಂಟ್ ಜಾರದಂತೆ ತಡೆಯುವ ಪಿನ್ (ತಡೆ ಪಿನ್) ಕೂರಲಿ ಅಂತಲೇ ಕೊಟ್ಟಿರೋದು. ವೈರಾಖ್ ಕಂಪನಿಯ ಜರ್ಮನ್ ರೈಫಲ್‌ಗಳಲ್ಲೂ ಇದೇ ರೀತಿ ಮೂರು ತೂತು ಇರುತ್ತವೆ. ನಿಮ್ಮ ರೈಫಲ್‌ನಲ್ಲಿ ತೂತು ಇಲ್ಲದಿದ್ದರೆ ದಯವಿಟ್ಟು ಡ್ರಿಲ್ ಹಿಡಿಯಬೇಡಿ. ಆ ಕೊಳವೆಯ ಒಳಗೇ ಪಿಸ್ಟನ್ ಓಡಾಡೋದು. ಅಂಥ ರೈಫಲ್‌ಗೆ ಮೌಂಟ್‌ನ ಹಿಂದೆ ಬಿಗಿಯುವ ತಡೆ ಬ್ಲಾಕ್ ಅಂತ ಬೇರೆಯಾಗಿ ಸಿಗುತ್ತದೆ.

ಎತ್ತರವನ್ನೂ ಆಗಲೇ ಲೆಕ್ಕ ಹಾಕಿದೆ. ಸ್ಕೋಪ್‌ನ ಮುಂದಿನ ಬಾಯಿಯ ಹೊರ ಅಗಲ 52 ಮಿ.ಮೀ. ಅದರ ಅರ್ಧ 26. ಕೆಳಗೆ 2 ಮಿ.ಮೀ. ಆದರೂ ಗಾಳಿ ಆಡಬೇಕು. ಹಾಗಾದರೆ ರೈಲ್‌ನಿಂದ ಸ್ಕೋಪ್‌ನ ನಡುಮಧ್ಯಕ್ಕೆ ಕನಿಷ್ಠ 28 ಮಿ.ಮೀ. ಬೇಕು. ಲೋ, ಮೀಡಿಯಂ, ಹೈ ಅನ್ನುವ ಹೆಸರು ನಂಬಿ ಕೊಳ್ಳಬೇಡಿ. ಒಬ್ಬರ ಮೀಡಿಯಂ ಇನ್ನೊಬ್ಬರ ಹೈ.

3. ಮೊದಲಿನ ಜೋಡಿ ರಿಂಗ್ ಯಾಕೆ ನಿಲ್ಲಲಿಲ್ಲ

ಜಾರುತ್ತಿದ್ದದ್ದು ಹೆಸರಿಲ್ಲದ ಎರಡು ಬಿಡಿ ರಿಂಗ್. ಜೋಡಿಗೆ ₹480. ಒಂದೊಂದರಲ್ಲೂ ರೈಲ್ ಹಿಡಿಯಲು ಒಂದೇ ಸ್ಕ್ರೂ, ಮೇಲಿನ ಮುಚ್ಚಳಕ್ಕೆ ಎರಡು ಸ್ಕ್ರೂ, ಪಿನ್ ಇಲ್ಲ. ಬಿಗಿ ಸಾಲದೇನೋ ಅಂತ ಅಲೆನ್ ಕೀ ಹಾಕಿ ಇನ್ನಷ್ಟು ತಿರುಗಿಸಿದರೆ ಸ್ಕ್ರೂ ತಲೆಯ ಆರು ಮೂಲೆ ಸವೆದು ದುಂಡಗಾಯಿತು. ಲೋಹ ಅಷ್ಟು ಮೆತ್ತಗಿತ್ತು.

ಬಿಚ್ಚಿ ಪರೀಕ್ಷೆ ಮಾಡಿದೆ. ಇದು ಎಲ್ಲರೂ ಮಾಡಬಹುದಾದ ಪರೀಕ್ಷೆ, ಖರ್ಚಿಲ್ಲ. ರಿಂಗ್‌ನ ಹಲ್ಲಿಗೆ, ಅಂದರೆ ರೈಲ್‌ನ ತೋಡಿನೊಳಗೆ ಕೂರುವ ಓರೆ ಅಂಚಿಗೆ, ಕಪ್ಪು ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ. ಒಣಗಲಿ. ರೈಲ್ ಮೇಲೆ ಕೂರಿಸಿ ಬಿಗಿದು, ಹಿಂದೆ ಮುಂದೆ ಸ್ವಲ್ಪ ತಳ್ಳಿ, ಬಿಚ್ಚಿ ನೋಡಿ. ಬಣ್ಣ ಅಗಲವಾಗಿ ಉಜ್ಜಿ ಹೋಗಿದ್ದರೆ ಹಲ್ಲು ಪೂರ್ತಿ ಕೂತಿದೆ ಅಂತ ಅರ್ಥ. ನನ್ನದರಲ್ಲಿ ಅಂಚಿನ ತುದಿಯಲ್ಲಿ ಕೂದಲೆಳೆಯಷ್ಟು ಬೆಳ್ಳಿ ಗೆರೆ ಮಾತ್ರ ಕಾಣಿಸಿತು. ಉಳಿದ ಕಪ್ಪು ಹಾಗೇ ಇತ್ತು. ಅಂದರೆ ಅರ್ಧ ಕೆಜಿ ಸ್ಕೋಪ್ ಆ ಒಂದು ಗೆರೆಯ ಮೇಲೆ ನಿಂತಿತ್ತು. ಓರೆಯೇ ಹೊಂದಿರಲಿಲ್ಲ. ಎಷ್ಟು ಬಿಗಿದರೂ ಅದು ನಿಲ್ಲುವ ಮಾತೇ ಇರಲಿಲ್ಲ.

ಇನ್ನೊಂದನ್ನೂ ನೋಡಿ. ಪೂರ್ತಿ ಬಿಗಿದ ಮೇಲೂ ಹಿಡಿತದ ಪಟ್ಟಿಗೂ ರಿಂಗ್‌ನ ಮೈಗೂ ನಡುವೆ ಸಂದಿ ಉಳಿದಿರಬೇಕು. ಕಾಗದದ ಚೂರು ತೂರುತ್ತಿದೆಯಾ ನೋಡಿ. ಸಂದಿ ಮುಚ್ಚಿಹೋಗಿದ್ದರೆ ಸ್ಕ್ರೂವಿನ ಬಲವೆಲ್ಲ ರಿಂಗ್ ತನ್ನನ್ನೇ ಅದುಮಿಕೊಳ್ಳಲು ಹೋಗುತ್ತದೆ, ರೈಲ್‌ಗೆ ಏನೂ ಸಿಗೋದಿಲ್ಲ.

ಆ ರಿಂಗ್ ವ್ಯರ್ಥ ಆಗಲಿಲ್ಲ. ಮಡಿಕೇರಿ ಕಡೆಯ ಗೆಳೆಯರೊಬ್ಬರ ಮನೆಯಲ್ಲಿ ಹಳೇ ಬ್ರ್ನೋ ಕಂಪನಿಯ .22 ರೈಫಲ್ (ಮದ್ದಿನದು) ಇದೆ. ಕೊಡವರ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ಅವರ ಊರಿನ ಕಡೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದಲ್ಲ, ಅದರಲ್ಲಿ ಅವರದು ಪಳಗಿದ ಕೈ. ಆ ರೈಫಲ್‌ನ ರೈಲ್ ಕೂಡ 11 ಮಿ.ಮೀ. ಅಲ್ಲಿ ಮಾರ್ಕರ್ ಪರೀಕ್ಷೆಯಲ್ಲಿ ಬಣ್ಣ ಅಗಲವಾಗಿ ಉಜ್ಜಿತು. .22ರ ಒದೆತವೂ ಬಲು ಕಡಿಮೆ. ತಲೆ ಸವೆದ ಸ್ಕ್ರೂ ಬದಲಿಸಿ, ಹಳೇ 4x ಸ್ಕೋಪ್ ಹಾಕಿ ಅಭ್ಯಾಸಕ್ಕೆ ಇಟ್ಟುಕೊಂಡಿದ್ದಾರೆ, ಕದಲಿಲ್ಲ. ಗಾಳಿ ತುಂಬುವ ಪಿಸಿಪಿ ರೈಫಲ್ ಇರುವವರಿಗೂ ಇದೇ ಮಾತು. ಅದರಲ್ಲಿ ಒದೆತವೇ ಇಲ್ಲ ಅನ್ನಬಹುದು, ಹಲ್ಲು ಸರಿಯಾಗಿ ಕೂತರೆ ಸಾಧಾರಣ ರಿಂಗ್ ಸಾಕು. ದುಡ್ಡು ಜಾಸ್ತಿ ಹಾಕಬೇಕಾದ್ದು ಸ್ಪ್ರಿಂಗ್ ರೈಫಲ್ ಇರುವವರು.

4. ಏನು ನೋಡಿ ಕೊಂಡೆ

ಇಂಗ್ಲೆಂಡಿನ ಸ್ಪೋರ್ಟ್ಸ್‌ಮ್ಯಾಚ್, ಅಮೆರಿಕದ ಬಿಕೆಎಲ್ ಎರಡೂ ಸ್ಪ್ರಿಂಗ್ ರೈಫಲ್ ಬಳಸುವವರ ನಡುವೆ ಹೆಸರು ಮಾಡಿರುವ ಮೌಂಟ್‌ಗಳು. ಬಿಕೆಎಲ್‌ಗೆ ಪಿನ್ನೇ ಇಲ್ಲ, ಬರೀ ಹಿಡಿತದ ಮೇಲೆ ನಿಲ್ಲುತ್ತದೆ. ದುಡ್ಡಿದ್ದವರು ಅವನ್ನು ತರಿಸಿಕೊಳ್ಳಲಿ. ನನಗೆ ಇಲ್ಲಿಗೆ ತರಿಸುವ ಖರ್ಚು ಸೇರಿ ಬಜೆಟ್ ಮೀರುತ್ತಿತ್ತು. ಅವುಗಳಲ್ಲಿ ಒಳ್ಳೆಯದು ಏನಿದೆಯೋ ಅದನ್ನೇ ₹1,500ರೊಳಗಿನ ಮೌಂಟ್‌ನಲ್ಲಿ ಹುಡುಕಿದೆ.

ಬಿಡಿ ರಿಂಗ್ ಬಿಟ್ಟು ಒಂದೇ ತುಂಡಿನ ಮೌಂಟ್ ಆರಿಸಿದೆ. ರೈಲ್ ಹಿಡಿಯುವ ಉದ್ದ 100 ಮಿ.ಮೀ. ಇರಬೇಕು, ಹಿಡಿತಕ್ಕೆ ಕನಿಷ್ಠ ನಾಲ್ಕು ಸ್ಕ್ರೂ ಇರಬೇಕು, ಒಂದೊಂದು ರಿಂಗ್ ಮುಚ್ಚಳಕ್ಕೂ ನಾಲ್ಕು ಸ್ಕ್ರೂ ಬೇಕು, ತಡೆ ಪಿನ್ ಮೇಲೆ ಕೆಳಗೆ ಹೊಂದಿಸುವ ಹಾಗಿರಬೇಕು. ಒಂದೇ ತುಂಡಿನದರಲ್ಲಿ ಎರಡೂ ರಿಂಗ್ ಒಂದೇ ನೇರಕ್ಕೆ ಇರುವ ಸಾಧ್ಯತೆ ಹೆಚ್ಚು. ತೊಡಕೂ ಇದೆ. ಸ್ಕೋಪನ್ನು ಹಿಂದೆ ಮುಂದೆ ಮಾಡಲು ಜಾಗ ಕಡಿಮೆ ಸಿಗುತ್ತದೆ. ಕಣ್ಣಿಗೂ ಸ್ಕೋಪ್‌ಗೂ ಸುಮಾರು 85 ಮಿ.ಮೀ. ದೂರ ಬೇಕಿತ್ತು. ಕೊಳ್ಳುವ ಮೊದಲು ಕಾಗದದಲ್ಲಿ ನಿಜ ಅಳತೆಗೆ ಚಿತ್ರ ಬರೆದು ಹೊಂದುತ್ತದಾ ಅಂತ ನೋಡಿಕೊಂಡೆ.

ಉದ್ದಕ್ಕೂ ಅಡ್ಡ ತೋಡು ಕೊರೆದಿರುವ ಪಿಕಟಿನಿ ರೈಲ್ ಇರುವ ರೈಫಲ್ ಆದರೆ ಈ ತಲೆನೋವು ಕಡಿಮೆ. ಆ ತೋಡುಗಳೇ ತಡೆಯ ಕೆಲಸ ಮಾಡುತ್ತವೆ. ಅದರ ತೋಡಿನ ಅಗಲ 5.23 ಮಿ.ಮೀ., ಅದೇ ಥರದ ವೀವರ್ ರೈಲ್‌ನದು 4.57 ಮಿ.ಮೀ. ಹಾಗಾಗಿ ವೀವರ್ ರಿಂಗ್ ಪಿಕಟಿನಿಗೆ ಕೂರುತ್ತದೆ. ಪಿಕಟಿನಿ ರಿಂಗ್‌ನ ಅಡ್ಡಪಟ್ಟಿ ವೀವರ್‌ನೊಳಗೆ ಹೋಗದೆ ಸಿಕ್ಕಿಕೊಳ್ಳಬಹುದು.

ಹಾಸನದ ಅಂಗಡಿಯಲ್ಲಿ ₹1,350ಕ್ಕೆ ಒಂದು ಸಿಕ್ಕಿತು. ಅಲ್ಯೂಮಿನಿಯಂ, ನಡುಮಧ್ಯದ ಎತ್ತರ 30 ಮಿ.ಮೀ. ಅಂಗಡಿಯಲ್ಲೇ ಸ್ಕ್ರೂಗಳಿಗೆ ಅಯಸ್ಕಾಂತ ಮುಟ್ಟಿಸಿ ಉಕ್ಕು ಅಂತ ಖಾತ್ರಿ ಮಾಡಿಕೊಂಡೆ. ಮನೆಗೆ ಬಂದು ಮಾರ್ಕರ್ ಪರೀಕ್ಷೆ: ಹಲ್ಲಿನ ಮುಕ್ಕಾಲು ಭಾಗ ಉಜ್ಜಿತ್ತು. ಸಂದಿಯೂ ಉಳಿದಿತ್ತು. ಇಷ್ಟಾದರೆ ಮೌಂಟ್ ಪಾಸು.

5. ತಡೆ ಪಿನ್: ಲೇತ್ ಅಂಗಡಿ ಕೆಲಸ

ಮೌಂಟ್ ಜೊತೆ ಬಂದ ಪಿನ್ನಿನ ತುದಿ 2.4 ಮಿ.ಮೀ. ರೈಫಲ್‌ನ ತೂತು ಅದಕ್ಕಿಂತ ದೊಡ್ಡದು. ಹಾಗೇ ಹಾಕಿದರೆ ಪಿನ್ ತೂತಿನೊಳಗೆ ಅತ್ತಿತ್ತ ಬಡಿದಾಡುತ್ತದೆ. ಮೆತ್ತನೆ ಪಿನ್ ಬಾಗುತ್ತದೆ, ಕೊನೆಗೆ ಮುರಿಯುತ್ತದೆ.

ನಮ್ಮ ಲೇತ್ ಅಂಗಡಿ ಅಣ್ಣ ವರ್ನಿಯರ್ ಹಿಡಿಯಲೇ ಇಲ್ಲ. ಡ್ರಿಲ್ ಬಿಟ್‌ಗಳ ಡಬ್ಬಿ ತೆರೆದು ಒಂದೊಂದರ ನುಣುಪು ಬುಡವನ್ನು ತೂತಿಗೆ ಇಳಿಸಿ ನೋಡುತ್ತಾ ಹೋದರು. 2.9 ಇಳಿಯಿತು, 3.0 ಇಳಿಯಲಿಲ್ಲ.

"ಆಳ ನೋಡಿದ್ರಾ ಸಾರ್?" ಅಂದರು.

"ಇಲ್ಲ ಅಣ್ಣ, ನೀವೇ ನೋಡಿ."

ವರ್ನಿಯರ್‌ನ ಹಿಂದಿನ ಕಡ್ಡಿ ಇಳಿಸಿ ನೋಡಿದರೆ 2.2 ಮಿ.ಮೀ. ಇತ್ತು. "ಹಾಗಾದ್ರೆ ತುದಿ 1.8 ಸಾಕು. ಅದಕ್ಕಿಂತ ಉದ್ದ ಮಾಡಿದ್ರೆ ನಿಮ್ ಮೌಂಟ್ ಎದ್ದು ನಿಲ್ತದೆ."

ಅವರು ಹೇಳಿದ ಈ ಮಾತೇ ಇಡೀ ಕೆಲಸದಲ್ಲಿ ಮುಖ್ಯವಾದದ್ದು. ಪಿನ್ ತೂತಿನ ತಳ ಮುಟ್ಟಿದರೆ, ಬಿಗಿದಷ್ಟೂ ಅದು ಮೌಂಟನ್ನು ರೈಲ್‌ನಿಂದ ಮೇಲಕ್ಕೆ ಎತ್ತುತ್ತದೆ. ಹಲ್ಲು ತೋಡಿನಲ್ಲಿ ಪೂರ್ತಿ ಕೂರೋದಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಬಿಗಿಯಾಗಿಯೇ ಕಾಣುತ್ತದೆ, ಒಳಗೆ ಹಿಡಿತ ಅರ್ಧಕ್ಕರ್ಧ ಹೋಗಿರುತ್ತದೆ. ಪಿನ್ ಇದ್ದೂ ಜಾರುತ್ತದೆ ಅನ್ನುವ ದೂರುಗಳಲ್ಲಿ ಎಷ್ಟೋ ಇದೇ ಇರಬೇಕು.

12.9 ದರ್ಜೆಯ ಎಂ4 ಅಲೆನ್ ಬೋಲ್ಟ್‌ನ ತುದಿಯನ್ನು ಅಣ್ಣ 2.9 ಮಿ.ಮೀ.ಗೆ ಇಳಿಸಿದರು. ಗಟ್ಟಿ ಉಕ್ಕು, ಟೂಲ್ ಕೀಚಲು ದನಿ ಮಾಡುತ್ತಾ ಸಣ್ಣ ನೀಲಿ ಚೂರು ಬಿಡುತ್ತಿತ್ತು. ತಲೆ ಕತ್ತರಿಸಿ, ಮೇಲಿನ ತುದಿಗೆ ಸ್ಕ್ರೂಡ್ರೈವರ್ ಕೂರುವ ಗೀರು ಹಾಕಿದರು. ಕೂಲಿ ₹150.

6. ಕೂರಿಸಿದ್ದು

ಮೊದಲ ಮಾತು: ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ನೋಡಿಕೊಂಡೇ ಕೀ ಕೈಗೆತ್ತಿಕೊಳ್ಳಿ.

ರೈಲ್, ಹಲ್ಲು, ರಿಂಗ್‌ನ ಒಳಮೈ, ಸ್ಕ್ರೂ ಮತ್ತು ಅದರ ತೂತು, ಎಲ್ಲವನ್ನೂ ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದೆ. ಕಾರ್ಖಾನೆಯ ಎಣ್ಣೆ ರೈಲ್‌ನ ತೋಡಿನಲ್ಲಿ ಜಿಡ್ಡಾಗಿ ಕೂತಿರುತ್ತದೆ. ಹತ್ತಿ ಕಪ್ಪಾಗೋದು ನಿಲ್ಲುವವರೆಗೂ ಒರೆಸಿ. ಸ್ಕೋಪ್‌ನ ಗಾಜಿಗೆ, ರೈಫಲ್‌ನ ಮರದ ಪಾಲಿಶ್‌ಗೆ ಅಸಿಟೋನ್ ತಾಗಬಾರದು.

ಪಿನ್ ಇಳಿಸಿ ಮೌಂಟ್ ಕೂರಿಸಿದೆ. ಬಿಗಿಯುವ ಮೊದಲು ಇಡೀ ಮೌಂಟನ್ನು ಹಿಂದಕ್ಕೆ ಎಳೆದು, ಪಿನ್ ತೂತಿನ ಹಿಂಗೋಡೆಗೆ ತಾಗುವ ಹಾಗೆ ಹಿಡಿದುಕೊಂಡೆ. ಜಾರೋದು ಹಿಂದಕ್ಕೆ ತಾನೇ, ಆ ಕಡೆ ಸಂದಿ ಉಳಿಯಬಾರದು. ಮದ್ದಿನ ರೈಫಲ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಒದೆತ ಹಿಂದಕ್ಕೆ, ಸ್ಕೋಪ್ ಮುಂದಕ್ಕೆ ಜಾರಲು ನೋಡುತ್ತದೆ, ಹಾಗಾಗಿ ಪಿಕಟಿನಿ ಮೇಲೆ ರಿಂಗನ್ನು ಮುಂದಕ್ಕೆ ತಳ್ಳಿ ಬಿಗಿಯುತ್ತಾರೆ.

ಹಿಡಿತದ ಸ್ಕ್ರೂಗಳನ್ನು ಒಂದೇ ಸಲ ಪೂರ್ತಿ ಬಿಗಿಯಬಾರದು. ನಡುವಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಸುತ್ತು ಹಾಕಿದೆ. ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ಕೀ ನನ್ನ ಹತ್ತಿರ ಇರಲಿಲ್ಲ. ಊರಿನ ಗೇರ್ ಸೈಕಲ್ ರಿಪೇರಿಯವರ ಹತ್ತಿರ ಇತ್ತು, ಒಂದು ಸಂಜೆಗೆ ಕೊಟ್ಟರು. ಹಿಡಿತಕ್ಕೆ 2.5 ನ್ಯೂಟನ್ ಮೀಟರ್. ರಿಂಗ್ ಮುಚ್ಚಳಕ್ಕೆ 2. ಮುಚ್ಚಳಕ್ಕೆ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್ ಹೇಳುತ್ತಾರೆ, ಅಂದರೆ 1.7ರಿಂದ 2 ನ್ಯೂಟನ್ ಮೀಟರ್. ಅದಕ್ಕಿಂತ ಜಾಸ್ತಿ ಬಿಗಿದರೆ ಸ್ಕೋಪ್ ಕೊಳವೆ ನಜ್ಜಾಗಿ ಒಳಗಿನ ಲೆನ್ಸ್ ಜೋಡಣೆಯೇ ಕೆಡಬಹುದು. ಮುಚ್ಚಳದ ಎರಡೂ ಬದಿಯ ಸಂದಿ ಸಮ ಇರಲಿ.

ಹಿಡಿತದ ಸ್ಕ್ರೂಗಳಿಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ. ಕೆಂಪು ಬೇಡ, ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ.

ಸ್ಕೋಪ್ ಒಳಗೆ ಕಾಣುವ ಗುರಿಯ ಗೆರೆಗಳು ಓರೆಯಾಗದಂತೆ ನೋಡಲು ಗಾರೆ ಕೆಲಸದವರ ತೂಗುಗುಂಡು ಸಾಕು. ಕಣದ ತುದಿಯಲ್ಲಿ ಬಿಳಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟೆ. ರೈಫಲನ್ನು ಮರಳಿನ ಚೀಲದ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿ, ಸ್ಕೋಪ್‌ನ ಲಂಬ ಗೆರೆ ಆ ದಾರದ ಮೇಲೆ ಕೂರುವವರೆಗೂ ಕೊಳವೆ ತಿರುಗಿಸಿದೆ. ಮೊಬೈಲ್ ಆ್ಯಪ್‌ಗಿಂತ ಇದನ್ನೇ ನಂಬುತ್ತೇನೆ.

7. ನಳಿಗೆಯ ತಗ್ಗು

ಸ್ಕೋಪ್‌ನ ಹೊಂದಿಕೆ ನಡುಮಧ್ಯದಲ್ಲಿ ಇಟ್ಟು ಹೊಡೆದಾಗ ಪೆಲೆಟ್‌ಗಳು ಗುರಿಗಿಂತ 70 ಮಿ.ಮೀ. ಕೆಳಗೆ ಬಿದ್ದವು. ಮಡಚುವ ನಳಿಗೆಯ ರೈಫಲ್‌ಗಳಲ್ಲಿ ಇದು ಸಾಮಾನ್ಯ. ನಳಿಗೆ ರೈಲ್‌ಗಿಂತ ಒಂದು ಚೂರು ಕೆಳಮುಖ ಇರುತ್ತದೆ. ಸ್ಕೋಪ್‌ನ ಗುಂಡಿ ತಿರುಗಿಸಿಯೇ 70 ಮಿ.ಮೀ. ಏರಿಸಬಹುದು. ಆದರೆ ಅಗ್ಗದ ಸ್ಕೋಪ್‌ಗಳಲ್ಲಿ ಮೇಲಕ್ಕೆ ಏರಿಸಿದಷ್ಟೂ ಒಳಗಿನ ಸ್ಪ್ರಿಂಗ್ ಸಡಿಲ ಆಗುತ್ತಾ ಹೋಗುತ್ತದೆ, ಆಮೇಲೆ ಝೀರೋ, ಅಂದರೆ ಕಟ್ಟಿದ ಗುರಿ, ನಿಲ್ಲೋದಿಲ್ಲ. ಅದಕ್ಕೇ ಹಿಂದಿನ ರಿಂಗ್‌ನ ತಳಕ್ಕೆ ತೆಳು ತಗಡು ಹಾಕಿ ಸ್ಕೋಪ್‌ನ ಹಿಂಭಾಗ ಎತ್ತಿದೆ.

ಲೆಕ್ಕ ಸುಲಭ. ಎರಡು ರಿಂಗ್‌ಗಳ ನಡುವೆ 100 ಮಿ.ಮೀ. ಇದ್ದರೆ, 0.1 ಮಿ.ಮೀ. ತಗಡು 25 ಮೀಟರ್‌ನಲ್ಲಿ 25 ಮಿ.ಮೀ. ಏರಿಸುತ್ತದೆ. ನನ್ನ ಮೌಂಟ್‌ನಲ್ಲಿ ನಡುವಿನ ಅಂತರ 90 ಮಿ.ಮೀ. ತಂಪು ಪಾನೀಯದ ಕ್ಯಾನ್‌ನ ಗೋಡೆ ಸುಮಾರು 0.1 ಮಿ.ಮೀ. ದಪ್ಪ. ಅಂಚು ಉಜ್ಜಿ ನುಣುಪು ಮಾಡಿ ಎರಡು ಪದರ ಹಾಕಿದೆ. ಲೆಕ್ಕದ ಪ್ರಕಾರ 55 ಮಿ.ಮೀ. ಏರಬೇಕು. ಹೆಚ್ಚು ಕಡಿಮೆ ಅಷ್ಟೇ ಏರಿತು. ಉಳಿದ 15 ಮಿ.ಮೀ.ಗೆ 8 ಕ್ಲಿಕ್. ಸ್ಕೋಪ್ ಗುಂಡಿಯ ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಒಂದು 25 ಮೀಟರ್‌ನಲ್ಲಿ 1.8 ಮಿ.ಮೀ. ಸರಿಸುತ್ತದೆ.

ಎರಡು ಪದರಕ್ಕಿಂತ ಜಾಸ್ತಿ ಹಾಕಲು ನನಗೆ ಧೈರ್ಯ ಸಾಲದು. ರಿಂಗ್‌ನ ಅಂಚು ಕೊಳವೆಗೆ ಒತ್ತಿ ಗೀರು ಬೀಳುತ್ತದೆ. ನಾನು ಎರಡೂ ರಿಂಗ್‌ನ ಒಳಗೆ ತೆಳುವಾದ ಬಟ್ಟೆ ಟೇಪ್ ಒಂದು ಸುತ್ತು ಅಂಟಿಸಿದ್ದೇನೆ. 70ರ ಬದಲು 150 ಮಿ.ಮೀ. ಕೆಳಗೆ ಬೀಳುವ ರೈಫಲ್ ಆದರೆ ತಗಡಿನ ದಾರಿ ಬಿಡಿ. ಹಿಂದೆ ಎತ್ತರ ಇರುವ ತಗ್ಗು ತಿದ್ದುವ ಮೌಂಟ್ ಬೇರೆಯೇ ಸಿಗುತ್ತದೆ.

8. ಈಗ ಹೇಗಿದೆ

ಹೊಸ ನೇಲ್ ಪಾಲಿಶ್ ಗೆರೆ ಎಳೆದು ಒಂದು ಪೂರ್ತಿ ಡಬ್ಬಿ ಪೆಲೆಟ್ ಮುಗಿಸಿದೆ. ಎರಡೂ ಗೆರೆ ಒಡೆದಿಲ್ಲ. 25 ಮೀಟರ್‌ಗೆ 5 ಪೆಲೆಟ್‌ಗಳ ಗುಂಪು 18 ಮಿ.ಮೀ. ಬರುತ್ತಿದೆ. ಮುಖ್ಯವಾಗಿ, ಬೆಳಿಗ್ಗೆ ಬಿದ್ದ ಜಾಗಕ್ಕೇ ಸಂಜೆಯೂ ಬೀಳುತ್ತಿದೆ.

ಖರ್ಚು: ಮೌಂಟ್ ₹1,350, ಪಿನ್ ₹150, ಲಾಕ್‌ಟೈಟ್ ಸಣ್ಣ ಟ್ಯೂಬ್ ₹170, ಅಸಿಟೋನ್ ಮತ್ತು ಟೇಪ್ ₹110. ಒಟ್ಟು ₹1,780. ಹಳೇ ರಿಂಗ್‌ನ ₹480 ಸೇರಿಸಿದರೆ ₹2,260.

ಬಾಕಿ ಇರೋದು ಒಂದೇ. ನಮ್ಮ ಕಡೆ ಜೂನ್ ಬಂದರೆ ಗೋಡೆಯೂ ಬೆವರುತ್ತದೆ. ಮೌಂಟ್ ಜೊತೆ ಬಂದ ಕಪ್ಪು ಸ್ಕ್ರೂಗಳ ತಲೆಯಲ್ಲಿ ಈಗಲೇ ತುಕ್ಕಿನ ಸಣ್ಣ ಚುಕ್ಕೆ ಕಾಣುತ್ತಿದೆ. ಮಳೆ ಶುರುವಾಗುವ ಮೊದಲು ಸ್ಕ್ರೂ ತಲೆಗಳಿಗೆ ಮಾತ್ರ ಬಟ್ಟೆಯಲ್ಲಿ ಎಣ್ಣೆ ಸವರಬೇಕು, ರೈಲ್‌ನ ತೋಡಿಗೆ ಇಳಿಯದ ಹಾಗೆ. ಸೈಕಲ್ ಅಂಗಡಿಯ ಟಾರ್ಕ್ ಕೀ ಆಗ ಮತ್ತೊಂದು ಸಂಜೆಗೆ ಕೇಳಿಟ್ಟಿದ್ದೇನೆ, ಮುಚ್ಚಳದ ಸ್ಕ್ರೂಗಳು 2ರಲ್ಲೇ ಇವೆಯಾ ನೋಡೋದಕ್ಕೆ.